ಆಂಟ್ ಸ್ಯಾಲಿ: ಆಕ್ಸ್‌ಫರ್ಡ್ ಸೀಮೆಯ ಪಬ್ ಅಂಗಳದ ಕೋಲೆಸೆತ (ಪದೇ ಪದೇ ಕೇಳುವ ಪ್ರಶ್ನೆಗಳು)

ಆಂಟ್ ಸ್ಯಾಲಿ ಎಂದರೆ ಯಾವ ಆಟ?

ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್ ಮತ್ತು ಅದರ ಸುತ್ತಲಿನ ಜಿಲ್ಲೆಗಳಲ್ಲಿ ಪಬ್‌ಗಳ ಹಿತ್ತಲಿನಲ್ಲಿ ಆಡುವ ಗುರಿ ಎಸೆತದ ಆಟವಿದು. ಕಬ್ಬಿಣದ ಸಲಾಕೆಯ ತುದಿಯಲ್ಲಿ ಬಿಳಿ ಬಣ್ಣದ ಒಂದು ಮರದ ತುಂಡನ್ನು ನಿಲ್ಲಿಸಿರುತ್ತಾರೆ. ಅದನ್ನು ಗೊಂಬೆ ಎಂದು ಕರೆಯುತ್ತಾರೆ. ಹತ್ತು ಗಜ ದೂರದಿಂದ ಮರದ ಕೋಲುಗಳನ್ನು ಎಸೆದು ಆ ಗೊಂಬೆಯನ್ನು ಬೀಳಿಸಬೇಕು. ಆದರೆ ಅದು ಕೂತಿರುವ ಕಬ್ಬಿಣಕ್ಕೆ ಕೋಲು ಮೊದಲು ತಾಗಬಾರದು. ಗೊಂಬೆ ಬಿದ್ದರೂ ಕಬ್ಬಿಣಕ್ಕೆ ಮೊದಲು ಪೆಟ್ಟು ಬಿದ್ದಿದ್ದರೆ ಆ ಎಸೆತಕ್ಕೆ ಬೆಲೆಯಿಲ್ಲ. ಆಟದ ಉಳಿದ ನಿಯಮಗಳೆಲ್ಲ ಸುಲಭವಾದ ಎಣಿಕೆಯ ಮಾತು. ಕಷ್ಟ, ಸೊಗಸು, ಜಗಳ ಮೂರೂ ಹುಟ್ಟುವುದು ಈ ಒಂದು ಷರತ್ತಿನಿಂದ.

ಈ ಹೆಸರಿನ ಅರ್ಥವೇನು? ಕನ್ನಡದಲ್ಲಿ ಏನೆಂದು ಕರೆಯಬಹುದು?

ಸ್ಯಾಲಿ ಎಂಬುದು ಸಾರಾ ಎಂಬ ಹೆಸರನ್ನು ಸಲಿಗೆಯಿಂದ ಕರೆಯುವ ರೂಪ. ಆಂಟ್ ಎಂಬುದಕ್ಕೆ ಕನ್ನಡದಲ್ಲಿ ಒಂದೇ ಪದವಿಲ್ಲ. ಅತ್ತೆ, ಚಿಕ್ಕಮ್ಮ, ದೊಡ್ಡಮ್ಮ, ಸೋದರತ್ತೆ ಎಂದು ಸಂಬಂಧ ನೋಡಿ ಹೇಳಬೇಕಾಗುತ್ತದೆ. ಈ ಸ್ಯಾಲಿ ಯಾರಿಗೂ ನಂಟಳಲ್ಲವಾದ್ದರಿಂದ ಆಂಟ್ ಸ್ಯಾಲಿ ಎಂದೇ ಉಳಿಸಿಕೊಳ್ಳುವುದು ಸರಿ ಎಂದು ನನ್ನ ಅಭಿಪ್ರಾಯ. ಇಂಗ್ಲಿಷ್ ಮಾತಿನಲ್ಲಿ ಈ ಹೆಸರಿಗೆ ಇನ್ನೊಂದು ಅರ್ಥವೂ ಬಂದಿದೆ: ಎಲ್ಲರೂ ಸುಲಭವಾಗಿ ಟೀಕಿಸಲೆಂದೇ ಮುಂದೆ ನಿಲ್ಲಿಸಿದ ವ್ಯಕ್ತಿಯನ್ನೋ ವಾದವನ್ನೋ ಹಾಗೆ ಕರೆಯುತ್ತಾರೆ. ಆ ಬಳಕೆ ಈ ಹೆಸರಿನ ಎಸೆತದ ಆಟಗಳಿಂದಲೇ ಬಂದದ್ದು.

ಎಲ್ಲಿ ಆಡುತ್ತಾರೆ, ಯಾವಾಗ ಆಡುತ್ತಾರೆ?

ಆಟದ ತವರು ಆಕ್ಸ್‌ಫರ್ಡ್‌ಶೈರ್. ಆಕ್ಸ್‌ಫರ್ಡ್ ನಗರ, ಆಬಿಂಗ್ಡನ್, ವಿಟ್ನಿ, ಬಿಸ್ಟರ್ ಮುಂತಾದ ಊರುಗಳ ಸುತ್ತ ಲೀಗ್‌ಗಳಿವೆ. ಗಡಿ ದಾಟಿ ಬಕಿಂಗ್‌ಹ್ಯಾಂಶೈರ್, ಗ್ಲಾಸ್ಟರ್‌ಶೈರ್, ವಾರಿಕ್‌ಶೈರ್ ಕಡೆಯ ಕೆಲವು ಹಳ್ಳಿಗಳಿಗೂ ಆಟ ಹಬ್ಬಿದೆ. ಅದರಾಚೆಗೆ ಇಂಗ್ಲೆಂಡಿನವರಿಗೇ ಇದರ ಪರಿಚಯ ಕಡಿಮೆ. ಬಯಲಿನಲ್ಲಿ ಆಡುವ ಆಟವಾದ್ದರಿಂದ ವಸಂತದಿಂದ ಬೇಸಿಗೆ ಮುಗಿಯುವವರೆಗೆ, ಬೆಳಕು ತಡವಾಗಿ ಹೋಗುವ ಸಂಜೆಗಳಲ್ಲಿ ಆಡುತ್ತಾರೆ. ಪ್ರತಿಯೊಂದು ತಂಡವೂ ಒಂದು ಪಬ್ಬಿನ ಹೆಸರಿನಲ್ಲಿ ಇಳಿಯುತ್ತದೆ. ಒಂದು ವಾರ ತನ್ನ ಹಿತ್ತಲಿನಲ್ಲಿ ಆಡಿದರೆ ಮತ್ತೊಂದು ವಾರ ಬೇರೆ ಊರಿನ ಪಬ್ಬಿಗೆ ಹೋಗಿ ಆಡುತ್ತದೆ. ಚಾರ್ಲ್‌ಬರಿ ಎಂಬ ಊರಿನ ಬಿಯರ್ ಉತ್ಸವದಲ್ಲಿ 2011ರಿಂದ ಈ ಆಟದ ಒಂಟಿ ಆಟಗಾರರ ವಿಶ್ವ ಚಾಂಪಿಯನ್‌ಷಿಪ್ ಕೂಡ ನಡೆದುಕೊಂಡು ಬಂದಿದೆ.

ಸಲಕರಣೆಗಳು ಯಾವುವು? ಅಳತೆಗಳೇನು?

ಮೂರೇ ಮೂರು: ಗೊಂಬೆ, ಕಬ್ಬಿಣ, ಕೋಲುಗಳು.

ಗೊಂಬೆ ಎಂದಾಗ ಕಣ್ಣು, ಮೂಗು, ಬಟ್ಟೆ ಇರುವ ಆಟಿಕೆಯನ್ನು ಊಹಿಸಿಕೊಳ್ಳಬಾರದು. ಅದು ಗುಂಡಗೆ ಕಡೆದ ದಪ್ಪ ಮರದ ತುಂಡು. ಎತ್ತರ 6 ಅಂಗುಲ, ಅಂದರೆ ಸುಮಾರು 15 ಸೆಂಟಿಮೀಟರ್. ಅಡ್ಡಳತೆ ಎರಡೂ ಮುಕ್ಕಾಲು ಅಂಗುಲ, ಅಂದರೆ ಸುಮಾರು 7 ಸೆಂಟಿಮೀಟರ್. ಹಿಂದೆ ಕಟ್ಟಿದ ಕಪ್ಪು ಪರದೆಯ ಎದುರು ಎದ್ದು ಕಾಣಲೆಂದು ಬಿಳಿ ಬಣ್ಣ ಬಳಿದಿರುತ್ತಾರೆ.

ಕಬ್ಬಿಣ ಎಂದು ಕರೆಯುವುದು ಗೊಂಬೆಯನ್ನು ಹೊತ್ತು ನಿಲ್ಲುವ ಸಲಾಕೆಯನ್ನು. ನೆಲದಲ್ಲಿ ನೆಟ್ಟಗೆ ನಿಂತ ಒಂದು ಕಂಬ, ಅದರ ಮೇಲ್ಭಾಗದಲ್ಲಿ ನಾಯಿಯ ಹಿಂಗಾಲಿನಂತೆ ಡೊಂಕಾಗಿ ಬಾಗಿದ ಒಂದು ತೋಳು, ತೋಳಿನ ತುದಿಯಲ್ಲಿ ಗೊಂಬೆ ಕೂರಲು ಚಿಕ್ಕದೊಂದು ಜಾಗ, ಇಷ್ಟೇ ಅದರ ರಚನೆ. ನೆಲದಿಂದ ಅದರ ಎತ್ತರ ಸುಮಾರು ಎರಡೂವರೆ ಅಡಿ. ಈ ಡೊಂಕು ತೋಳು ಕಂಬದ ಸುತ್ತ ಸಲೀಸಾಗಿ ತಿರುಗುತ್ತದೆ. ಕೋಲು ಬಡಿದರೆ ಅದು ಗಿರ್ರನೆ ತಿರುಗಿ ಪೆಟ್ಟನ್ನು ನುಂಗಿಕೊಳ್ಳುತ್ತದೆಯಾದ್ದರಿಂದ ಸಲಾಕೆ ಬಾಗಿ ಹಾಳಾಗುವುದಿಲ್ಲ. ಜೊತೆಗೆ, ಕಬ್ಬಿಣಕ್ಕೆ ಪೆಟ್ಟು ಬಿದ್ದದ್ದು ಈ ತಿರುಗಾಟದಿಂದಲೇ ಎಲ್ಲರ ಕಣ್ಣಿಗೂ ಬೀಳುತ್ತದೆ.

ಕೋಲುಗಳು ಆರು. ಒಂದೊಂದೂ 18 ಅಂಗುಲ ಉದ್ದ, 2 ಅಂಗುಲ ದಪ್ಪ. ಗುಂಡಗಿನ ಗಟ್ಟಿ ಮರದವು. ನಮ್ಮ ಅಡುಗೆಮನೆಯ ಲಟ್ಟಣಿಗೆಗಿಂತ ಉದ್ದವಾದ, ಎರಡೂ ತುದಿಗಳಲ್ಲಿ ಹಿಡಿಯಿಲ್ಲದ ಕೋಲನ್ನು ನೆನೆದರೆ ಕೈಗೆ ಎಷ್ಟು ಭಾರ ಬೀಳಬಹುದೆಂಬ ಅಂದಾಜು ಸಿಗುತ್ತದೆ.

ಆಟದ ಅಂಗಳ ಹೇಗಿರುತ್ತದೆ?

ಎಸೆಯುವ ಗೆರೆಯಿಂದ ಕಬ್ಬಿಣಕ್ಕೆ ಹತ್ತು ಗಜ, ಅಂದರೆ 9 ಮೀಟರಿಗಿಂತ ಸ್ವಲ್ಪ ಹೆಚ್ಚು ದೂರ. ಕ್ರಿಕೆಟ್ ಪಿಚ್ 22 ಗಜವಿರುವುದರಿಂದ, ಅದರ ಅರ್ಧಕ್ಕಿಂತ ಒಂದು ಗಜ ಕಡಿಮೆ ಎಂದು ತಿಳಿದರೆ ಸಾಕು. ಕಬ್ಬಿಣದ ಹಿಂದೆ ದಪ್ಪ ಪರದೆಯನ್ನು ತೂಗಿಬಿಟ್ಟಿರುತ್ತಾರೆ. ಗುರಿ ತಪ್ಪಿದ ಕೋಲು ಅದಕ್ಕೆ ಬಡಿದು ಕೆಳಗೆ ಬೀಳುತ್ತದೆ.

ಯಾವ ಎಸೆತಕ್ಕೆ ಅಂಕ ಸಿಗುತ್ತದೆ, ಯಾವುದಕ್ಕೆ ಸಿಗುವುದಿಲ್ಲ?

ಎಲ್ಲಕ್ಕಿಂತ ಹೆಚ್ಚು ಕೇಳುವ ಪ್ರಶ್ನೆ ಇದೇ ಆದ್ದರಿಂದ ಒಂದೊಂದೇ ಸಂದರ್ಭವನ್ನು ಬಿಡಿಸಿ ನೋಡೋಣ.

ಕೋಲು ನೇರವಾಗಿ ಗೊಂಬೆಗೆ ತಗುಲಿ ಗೊಂಬೆ ಕೆಳಗೆ ಬಿದ್ದರೆ ಒಂದು ಅಂಕ. ಗೊಂಬೆಗೆ ಮೊದಲು ತಗುಲಿ, ಅದನ್ನು ಹಾರಿಸಿ, ಮುಂದುವರಿಯುತ್ತಾ ಕಬ್ಬಿಣವನ್ನೂ ಸವರಿಕೊಂಡು ಹೋದರೂ ಅಂಕ ಸಿಗುತ್ತದೆ, ಏಕೆಂದರೆ ನಿಯಮ ಕೇಳುವುದು ಮೊದಲು ಯಾವುದಕ್ಕೆ ತಗುಲಿತು ಎಂಬುದನ್ನು. ಕೋಲು ಮೊದಲು ಕಬ್ಬಿಣಕ್ಕೆ ಬಡಿದು, ಆ ಅದುರಿಗೆ ಗೊಂಬೆ ಉರುಳಿಬಿದ್ದರೆ ಅಂಕವಿಲ್ಲ. ಆಗ ‘ಐರನ್’ ಎಂದು ಕೂಗುತ್ತಾರೆ, ಆ ಕೋಲು ವ್ಯರ್ಥವಾಗುತ್ತದೆ. ಗೊಂಬೆಗೆ ಕೋಲು ತಾಗಿಯೂ ಅದು ಅಲುಗಾಡಿ ಅಲ್ಲೇ ನಿಂತರೆ ಅದಕ್ಕೂ ಅಂಕವಿಲ್ಲ, ಏಕೆಂದರೆ ಗೊಂಬೆ ಬೀಳಲೇಬೇಕು.

ಹೊಸಬರಿಗೆ ಇದು ಅನ್ಯಾಯವೆನಿಸುತ್ತದೆ. ಬಿದ್ದದ್ದು ಬಿದ್ದಿತಲ್ಲ, ಹೇಗೆ ಬಿದ್ದರೇನು ಎಂದು ಅವರು ಕೇಳುತ್ತಾರೆ. ಆದರೆ ಈ ಷರತ್ತನ್ನು ತೆಗೆದುಹಾಕಿ ಯೋಚಿಸಿ ನೋಡಬೇಕು. ಗೊಂಬೆ ಸಲಾಕೆಯ ಮೇಲೆ ಸುಮ್ಮನೆ ಕೂತಿರುತ್ತದೆ, ಯಾವುದರಿಂದಲೂ ಅದನ್ನು ಬಿಗಿದಿಲ್ಲ. ಹಾಗಿರುವಾಗ ಕಬ್ಬಿಣದ ಯಾವ ಭಾಗಕ್ಕೆ ಜೋರಾಗಿ ಬಡಿದರೂ ಅದು ಉದುರುತ್ತದೆ. ಆಗ ಎರಡೂವರೆ ಅಡಿ ಎತ್ತರದ ಸಲಾಕೆಯೆಲ್ಲವೂ ಗುರಿಯಾಗುತ್ತದೆ, ತೋಳಿನ ಬಲವಿದ್ದವರು ಗೆಲ್ಲುತ್ತಾರೆ. ಷರತ್ತು ಇರುವುದರಿಂದಲೇ ಗುರಿ ಆರು ಅಂಗುಲಕ್ಕೆ ಇಳಿಯುತ್ತದೆ, ಬಲಕ್ಕಿಂತ ಹದ ಮುಖ್ಯವಾಗುತ್ತದೆ.

ಗೊಂಬೆಗೆ ತಗುಲಿತೇ, ಕಬ್ಬಿಣಕ್ಕೇ ಎಂದು ತೀರ್ಮಾನಿಸುವವರು ಯಾರು?

ಕಬ್ಬಿಣದ ಬಳಿ, ಕೋಲಿನ ದಾರಿಯಿಂದ ದೂರ ಸರಿದು ಒಬ್ಬರು ನಿಂತಿರುತ್ತಾರೆ. ಬಿದ್ದ ಗೊಂಬೆಯನ್ನು ಎತ್ತಿ ಮತ್ತೆ ನಿಲ್ಲಿಸುವುದು ಅವರ ಕೆಲಸ; ಎಸೆತ ಸಿಂಧುವೋ ಅಲ್ಲವೋ ಎಂದು ಕೂಗಿ ಹೇಳುವುದೂ ಅವರದೇ. ಕೋಲು ಬಂದು ಬಡಿಯುವ ಕ್ಷಣದಲ್ಲಿ ಕಣ್ಣು ಮೋಸಹೋಗಬಹುದು. ಆದ್ದರಿಂದ ಕಣ್ಣಿನಷ್ಟೇ ಕಿವಿಯನ್ನೂ ನಂಬಬೇಕಾಗುತ್ತದೆ. ಮರಕ್ಕೆ ಮರ ಬಡಿದಾಗ ಬರುವ ಸದ್ದು ಮೊಂಡು, ಗಿಡ್ಡ. ಕಬ್ಬಿಣಕ್ಕೆ ಮರ ಬಡಿದಾಗ ಬರುವ ಸದ್ದು ಚೂಪು, ಅದರ ಹಿಂದೆಯೇ ತೋಳು ತಿರುಗುವ ಶಬ್ದವೂ ಕೇಳುತ್ತದೆ. ಎರಡೂ ಸದ್ದು ಬಂದರೆ ಯಾವುದು ಮೊದಲು ಎಂಬುದೇ ಪ್ರಶ್ನೆ. ಒಂದು ಹಳ್ಳಿಯ ಆಟ ಇಷ್ಟು ಸೂಕ್ಷ್ಮವಾದ ಕೇಳ್ಮೆಯ ಮೇಲೆ ನಿಂತಿರುವುದು ನನಗೆ ಬಹಳ ಮೆಚ್ಚುಗೆಯ ಸಂಗತಿ.

ಎಸೆಯುವ ಸರಿಯಾದ ಬಗೆ ಯಾವುದು?

ಕೈಯನ್ನು ಕೆಳಗಿನಿಂದ ಬೀಸಿ ಎಸೆಯುವುದು ರೂಢಿ. ತೋಳನ್ನು ಭುಜದ ಮೇಲೆತ್ತಿ ಬೀಸುವ ಎಸೆತಕ್ಕೆ ಇಲ್ಲಿ ಉಪಯೋಗ ಕಡಿಮೆ, ಏಕೆಂದರೆ ಹಾಗೆ ಬಂದ ಕೋಲು ಮೇಲಿನಿಂದ ಕೆಳಕ್ಕೆ ಇಳಿಯುತ್ತಾ ಬರುತ್ತದೆ, ಗೊಂಬೆಯ ಕೆಳಗಿರುವ ಕಬ್ಬಿಣವನ್ನು ಹುಡುಕಿಕೊಂಡೇ ಹೋಗುತ್ತದೆ.

ಕೋಲು ಗುರಿಯನ್ನು ತಲುಪುವಾಗ ಯಾವ ಭಂಗಿಯಲ್ಲಿರುತ್ತದೆ ಎಂಬುದರ ಮೇಲೆ ಬಹಳ ನಿಂತಿದೆ. ಅದು ನೆಲಕ್ಕೆ ಸಮನಾಗಿ ಅಡ್ಡಡ್ಡವಾಗಿ ಬಂದರೆ ಎಡಬಲದಲ್ಲಿ ಸಾಕಷ್ಟು ರಿಯಾಯಿತಿ ಸಿಗುತ್ತದೆ: ಕೋಲಿನ ಉದ್ದ 18 ಅಂಗುಲವಾದ್ದರಿಂದ ಅದರ ನಡುಭಾಗ ಗೊಂಬೆಯಿಂದ ಅರ್ಧ ಅಡಿ ಆಚೀಚೆ ಹೋದರೂ ಯಾವುದಾದರೊಂದು ಭಾಗ ಗೊಂಬೆಗೆ ತಗಲುತ್ತದೆ. ಎತ್ತರದಲ್ಲಿ ಅಂಥ ರಿಯಾಯಿತಿ ಇಲ್ಲ. ಕೋಲಿನ ಕೆಳ ಅಂಚು ಗೊಂಬೆಯ ಬುಡಕ್ಕಿಂತ ಕೆಳಗಿಳಿದರೆ ಕಬ್ಬಿಣ, ಅದರ ನೆತ್ತಿಗಿಂತ ಮೇಲೇರಿದರೆ ಪರದೆ. ನಡುವೆ ಉಳಿದದ್ದು ಆರೇ ಅಂಗುಲ. ಅದೇ ಕೋಲು ನೆಟ್ಟಗೆ ನಿಂತ ಭಂಗಿಯಲ್ಲಿ ಬಂದರೆ ಅದರ ಉದ್ದ ಗೊಂಬೆಯ ಎತ್ತರದ ಮೂರರಷ್ಟು ಇರುವುದರಿಂದ ಗೊಂಬೆಯನ್ನೂ ಕಬ್ಬಿಣವನ್ನೂ ಒಟ್ಟಿಗೆ ಬಡಿಯುವ ಸಂಭವವೇ ಹೆಚ್ಚು. ಆದ್ದರಿಂದ ಕೋಲನ್ನು ಗಾಳಿಯಲ್ಲಿ ತಿರುಗಿಸುತ್ತಾ ಎಸೆಯುವವರು ಹತ್ತು ಗಜದ ಕೊನೆಯಲ್ಲಿ ಅದು ಯಾವ ಭಂಗಿಗೆ ಬರಬೇಕೆಂದು ಮೊದಲೇ ಲೆಕ್ಕ ಹಾಕಿಕೊಂಡಿರಬೇಕು. ಆ ಲೆಕ್ಕ ತಲೆಯಲ್ಲಿ ನಡೆಯುವಂಥದ್ದಲ್ಲ, ಮಣಿಕಟ್ಟಿಗೆ ಅಭ್ಯಾಸವಾಗಬೇಕಾದದ್ದು.

ಒಂದು ಪಂದ್ಯ ಹೇಗೆ ನಡೆಯುತ್ತದೆ? ಅಂಕಗಳನ್ನು ಎಣಿಸುವುದು ಹೇಗೆ?

ಸಾಮಾನ್ಯವಾಗಿ ಒಂದು ತಂಡದಲ್ಲಿ ಎಂಟು ಮಂದಿ. ಪಂದ್ಯವನ್ನು ಮೂರು ಸುತ್ತುಗಳಾಗಿ ಆಡುತ್ತಾರೆ. ಒಂದು ಸುತ್ತಿಗೆ ‘ಲೆಗ್’ ಎಂದು ಹೆಸರು. ಸುತ್ತಿನಲ್ಲಿ ಮೊದಲ ತಂಡದ ಒಬ್ಬೊಬ್ಬರೂ ಗೆರೆಗೆ ಬಂದು ಆರೂ ಕೋಲುಗಳನ್ನು ಒಂದರ ಹಿಂದೊಂದು ಎಸೆದು ಮುಗಿಸುತ್ತಾರೆ. ಗೊಂಬೆ ಬಿದ್ದಾಗಲೆಲ್ಲ ಅದನ್ನು ಮತ್ತೆ ನಿಲ್ಲಿಸುತ್ತಾರೆ. ಎಂಟೂ ಮಂದಿ ಮುಗಿಸಿದ ಮೇಲೆ ಎದುರಾಳಿ ತಂಡದ ಸರದಿ. ಹೆಚ್ಚು ಗೊಂಬೆ ಬೀಳಿಸಿದವರಿಗೆ ಆ ಸುತ್ತು, ಹೆಚ್ಚು ಸುತ್ತು ಗೆದ್ದವರಿಗೆ ಪಂದ್ಯ.

ಒಂದು ಉದಾಹರಣೆ ಹೀಗಿರಬಹುದು. ಮೊದಲ ತಂಡದ ಎಂಟು ಮಂದಿ ಕ್ರಮವಾಗಿ 3, 2, 4, 1, 0, 3, 2, 3 ಗೊಂಬೆಗಳನ್ನು ಬೀಳಿಸಿದರೆ ಒಟ್ಟು 18. ಎದುರಾಳಿಗಳು 2, 2, 3, 3, 1, 4, 2, 2 ಬೀಳಿಸಿದರೆ ಒಟ್ಟು 19. ಸುತ್ತು ಎರಡನೆಯ ತಂಡದ ಪಾಲಾಗುತ್ತದೆ. ಇಲ್ಲಿ ಐದನೆಯ ಆಟಗಾರನಿಗೆ ಬಂದ ಸೊನ್ನೆಯೇ ಸೋಲಿಗೆ ಕಾರಣವಾಯಿತು. ಅವನು ಒಂದೇ ಒಂದು ಗೊಂಬೆ ಬೀಳಿಸಿದ್ದರೂ ಸಮವಾಗುತ್ತಿತ್ತು. ಒಬ್ಬರು ಅದ್ಭುತವಾಗಿ ಆಡುವುದಕ್ಕಿಂತ ಎಂಟೂ ಮಂದಿ ತಲಾ ಎರಡೋ ಮೂರೋ ತಪ್ಪದೆ ತರುವುದು ತಂಡಕ್ಕೆ ಹೆಚ್ಚು ಲಾಭ.

ಗರಿಷ್ಠ ಲೆಕ್ಕ ಬೇಕೆನ್ನುವವರಿಗೆ: ಒಬ್ಬರಿಗೆ ಒಂದು ಸುತ್ತಿನಲ್ಲಿ 6, ತಂಡಕ್ಕೆ ಒಂದು ಸುತ್ತಿನಲ್ಲಿ 48, ಮೂರೂ ಸುತ್ತು ಸೇರಿ 144. ಇದು ಕಾಗದದ ಮೇಲಿನ ಲೆಕ್ಕವೆಂದು ಬೇರೆ ಹೇಳಬೇಕಾಗಿಲ್ಲ.

ಸಮವಾದರೆ?

ಆರು ಕೋಲುಗಳ ಬದಲಿಗೆ ಒಬ್ಬೊಬ್ಬರಿಗೆ ಮೂರು ಕೋಲು ಕೊಟ್ಟು ಮತ್ತೆ ಆಡಿಸುತ್ತಾರೆ. ಅದೂ ಸಮವಾದರೆ ಒಬ್ಬೊಬ್ಬರಿಗೆ ಒಂದೇ ಕೋಲು. ಗೆಲುವು ತೀರ್ಮಾನವಾಗುವವರೆಗೆ ಹಾಗೆಯೇ ಮುಂದುವರಿಯುತ್ತದೆ. ಒಂದು ಕೋಲಿನ ಹಂತದಲ್ಲಿ ಕೈ ಪಳಗಿಸಿಕೊಳ್ಳಲು ಅವಕಾಶವೇ ಇರುವುದಿಲ್ಲ. ಆರು ಕೋಲುಗಳಿದ್ದಾಗ ಮೊದಲ ಎರಡನ್ನು ದೂರದ ಅಂದಾಜಿಗೆ ಖರ್ಚು ಮಾಡಬಹುದಾಗಿದ್ದ ಆಟಗಾರ, ಈಗ ಮೊದಲ ಎಸೆತದಲ್ಲಿಯೇ ಎಲ್ಲವನ್ನೂ ತೋರಿಸಬೇಕು.

‘ಸಿಕ್ಸರ್’, ‘ಬ್ಲಾಬ್’ ಎಂದರೇನು?

ಕ್ರಿಕೆಟ್ ನೋಡಿ ಬೆಳೆದ ನಮಗೆ ಸಿಕ್ಸರ್ ಎಂದೊಡನೆ ಗೆರೆ ದಾಟಿ ಹಾರುವ ಚೆಂಡು ಕಣ್ಣ ಮುಂದೆ ಬರುತ್ತದೆ. ಇಲ್ಲಿ ಹಾಗಲ್ಲ. ಆರು ಕೋಲುಗಳಿಂದ ಆರು ಬಾರಿಯೂ ಗೊಂಬೆಯನ್ನು ಬೀಳಿಸುವುದೇ ಸಿಕ್ಸರ್, ಮತ್ತು ಅದು ಅಪರೂಪ. ಆರೂ ಕೋಲು ಎಸೆದು ಒಂದೂ ಬೀಳದಿದ್ದರೆ ಅದಕ್ಕೆ ಬ್ಲಾಬ್ ಎನ್ನುತ್ತಾರೆ. ಕ್ರಿಕೆಟ್ಟಿನ ಸೊನ್ನೆಗೆ ಇದನ್ನು ಹೋಲಿಸಬಹುದು. ಎಷ್ಟೇ ಅನುಭವವಿದ್ದವರಿಗೂ ಬ್ಲಾಬ್ ಬರುತ್ತದೆ.

ಈ ಆಟ ಎಷ್ಟು ಹಳೆಯದು? ಎಲ್ಲಿಂದ ಬಂದಿತು?

ಹದಿನೇಳನೆಯ ಶತಮಾನಕ್ಕೆ ಇದನ್ನು ಒಯ್ಯುವ ಒಂದು ಅಭಿಪ್ರಾಯ ಪ್ರಚಾರದಲ್ಲಿದೆ. ಇಂಗ್ಲೆಂಡಿನ ಅಂತರ್ಯುದ್ಧದ ಕಾಲದಲ್ಲಿ, 1642ರಿಂದ 1646ರವರೆಗೆ, ದೊರೆ ಒಂದನೆಯ ಚಾರ್ಲ್ಸ್ ಆಕ್ಸ್‌ಫರ್ಡನ್ನು ತನ್ನ ನೆಲೆಯಾಗಿಸಿಕೊಂಡಿದ್ದ. ಅವನ ಪಕ್ಷದ ಸೈನಿಕರು ಬಿಡುವಿನಲ್ಲಿ ಆಡುತ್ತಿದ್ದ ಆಟವೇ ಅಲ್ಲಿ ಬೇರೂರಿತು ಎನ್ನುವುದು ಆ ಅಭಿಪ್ರಾಯ. ಆಟ ಆಕ್ಸ್‌ಫರ್ಡಿನ ಸುತ್ತಲೇ ಏಕೆ ಉಳಿಯಿತು ಎಂಬುದಕ್ಕೆ ಇದು ಒಪ್ಪುವಂಥ ಕಾರಣವಾಗಿ ತೋರುತ್ತದೆ. ಆದರೂ ಇದನ್ನು ಊಹೆಯೆಂದೇ ಹಿಡಿಯಬೇಕು.

ಇನ್ನೊಂದು ಅಭಿಪ್ರಾಯ ಇದನ್ನು ಒಂದು ಕ್ರೂರ ಆಚರಣೆಗೆ ತಳುಕು ಹಾಕುತ್ತದೆ. ಈಸ್ಟರಿಗೆ ಮುಂಚಿನ ಉಪವಾಸ ಶುರುವಾಗುವ ಹಿಂದಿನ ಮಂಗಳವಾರ, ಹುಂಜವೊಂದನ್ನು ಗೂಟಕ್ಕೆ ಕಟ್ಟಿ ದೂರದಿಂದ ಕೋಲೆಸೆದು ಕೊಲ್ಲುವ ಪದ್ಧತಿ ಇಂಗ್ಲೆಂಡಿನಲ್ಲಿ ಬಹಳ ಕಾಲ ಇತ್ತು. ಕೊಂದವರಿಗೆ ಹುಂಜ ಸಿಗುತ್ತಿತ್ತು. ಚಿತ್ರಕಾರ ವಿಲಿಯಂ ಹೊಗಾರ್ತ್ 1751ರಲ್ಲಿ ಕ್ರೌರ್ಯವನ್ನು ಖಂಡಿಸಿ ಪ್ರಕಟಿಸಿದ ಕೆತ್ತನೆಗಳ ಮಾಲೆಯ ಮೊದಲ ಚಿತ್ರದಲ್ಲಿ ಹುಡುಗರು ಇದನ್ನು ಆಡುವ ದೃಶ್ಯವೂ ಇದೆ. ಹದಿನೆಂಟನೆಯ ಶತಮಾನದಲ್ಲಿ ಜನಾಭಿಪ್ರಾಯ ಇದರ ವಿರುದ್ಧ ತಿರುಗಿ ಪದ್ಧತಿ ಕುಗ್ಗುತ್ತಾ ಬಂದಿತು. 1835ರಲ್ಲಿ ಬ್ರಿಟನ್ನಿನ ಸಂಸತ್ತು ಪ್ರಾಣಿಗಳನ್ನು ಹಿಂಸಿಸುವ ಇಂಥ ಮನರಂಜನೆಗಳ ವಿರುದ್ಧ ಕಾನೂನನ್ನೂ ಮಾಡಿತು. ಜೀವವಿದ್ದ ಹುಂಜದ ಜಾಗಕ್ಕೆ ಮರದ ತುಂಡು ಬಂದಿತೆಂದು ಹೇಳುವವರ ಬಳಿ ನೇರ ಸಾಕ್ಷ್ಯವಿಲ್ಲ. ಆದರೂ ಗೂಟ, ಕೋಲು, ದೂರ, ಎಸೆತ ಈ ನಾಲ್ಕೂ ಎರಡರಲ್ಲಿಯೂ ಒಂದೇ ಆಗಿರುವುದನ್ನು ಗಮನಿಸದೆ ಇರಲಾಗುವುದಿಲ್ಲ.

ಸಂತೆ, ಉತ್ಸವಗಳಲ್ಲಿದ್ದ ಆಂಟ್ ಸ್ಯಾಲಿಯೂ ಇದೇ ಆಟವೇ?

ಹೆಸರು ಒಂದೇ, ಆಟ ಬೇರೆ. ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನ ಸಂತೆ, ಉತ್ಸವಗಳಲ್ಲಿ, ಕುದುರೆ ಪಂದ್ಯದ ಬಯಲುಗಳಲ್ಲಿ ಮುದುಕಿಯೊಬ್ಬಳ ಮರದ ತಲೆಯನ್ನು ಕಂಬದ ಮೇಲೆ ನಿಲ್ಲಿಸಿ, ಬಾಯಿಗೆ ಜೇಡಿಮಣ್ಣಿನ ಚಿಲುಮೆ ಸಿಕ್ಕಿಸಿ, ದುಡ್ಡು ಕೊಟ್ಟವರು ಕೋಲೆಸೆದು ಆ ಚಿಲುಮೆಯನ್ನು ಮುರಿಯುವ ಆಟವಿತ್ತು. ಆ ತಲೆಯನ್ನು ಎಷ್ಟೋ ಕಡೆ ಕಪ್ಪು ಬಣ್ಣದ ಹೆಂಗಸಿನ ವಿಕಾರ ರೂಪವಾಗಿ ಮಾಡುತ್ತಿದ್ದರು. ಜನಾಂಗವೊಂದನ್ನು ಹೊಡೆಯುವ ಗುರಿಯಾಗಿ ನಿಲ್ಲಿಸಿ ನಗುವ ಆ ರೂಢಿ ಹೇಯವಾದದ್ದು, ಮತ್ತು ಹೆಸರಿನ ಚರಿತ್ರೆ ಹೇಳುವಾಗ ಅದನ್ನು ಮುಚ್ಚಿಡಬಾರದು. ಪಬ್ಬಿನ ಹಿತ್ತಲಿನ ಇಂದಿನ ಗೊಂಬೆಗೆ ಮುಖವೇ ಇಲ್ಲ. ಅದು ಬಿಳಿ ಬಳಿದ ಮರದ ತುಂಡು ಮಾತ್ರ.

ಪಬ್ಬಿನ ಆಟವೆಂದ ಮೇಲೆ ಕುಡಿಯಲೇಬೇಕೇ?

ಇಲ್ಲ. ಇಂಗ್ಲೆಂಡಿನ ಹಳ್ಳಿಯ ಪಬ್ ಊರವರು ಸೇರುವ ಜಾಗವೂ ಆಗಿದೆ. ಊಟ, ಕಾಫಿ, ನಿಂಬೆ ಪಾನಕದಂಥವೂ ಅಲ್ಲಿ ಸಿಗುತ್ತವೆ. ನಿಯಮಗಳಲ್ಲಿ ಕುಡಿತದ ಪ್ರಸ್ತಾಪವೇ ಬರುವುದಿಲ್ಲ. ಪಂದ್ಯ ಮುಗಿದ ಮೇಲೆ ಸೋತವರು ಗೆದ್ದವರಿಗೆ ಬಿಯರ್ ಕೊಡಿಸಬೇಕೆಂಬ ಪಣದ ಮೇಲೆ ಇನ್ನೊಂದು ಸುತ್ತು ಆಡುವ ರೂಢಿ ಕೆಲವು ಕಡೆ ಇದೆ. ಅದು ಸ್ನೇಹದ ಮಾತು.

ಹೆಂಗಸರು, ವಯಸ್ಸಾದವರು ಆಡುತ್ತಾರೆಯೇ?

ಆಡುತ್ತಾರೆ. ಬಲಕ್ಕಿಂತ ಹದಕ್ಕೆ ಬೆಲೆಯಿರುವ ಆಟದಲ್ಲಿ ವಯಸ್ಸು ದೊಡ್ಡ ಅಡ್ಡಿಯಲ್ಲ.

ನಮ್ಮ ಲಗೋರಿಗೂ ಇದಕ್ಕೂ ಹೋಲಿಕೆಯಿದೆಯೇ?

ನೇರ ಸಂಬಂಧವೇನೂ ಇಲ್ಲ. ಗೆರೆಯ ಹಿಂದೆ ನಿಂತು, ಜೋಡಿಸಿಟ್ಟದ್ದನ್ನು ಬೀಳಿಸಬೇಕೆಂಬ ಮೊದಲ ಹೆಜ್ಜೆಯಷ್ಟೇ ಸಮಾನ. ಲಗೋರಿಯಲ್ಲಿ ಬಿಲ್ಲೆಗಳು ಬಿದ್ದ ಮೇಲೆಯೇ ಓಟ, ಹಿಡಿತ, ಮತ್ತೆ ಜೋಡಿಸುವ ಗಡಿಬಿಡಿ ಎಲ್ಲ ಶುರುವಾಗುತ್ತದೆ. ಆಂಟ್ ಸ್ಯಾಲಿಯಲ್ಲಿ ಗೊಂಬೆ ಬಿದ್ದೊಡನೆ ಆ ಎಸೆತದ ಕಥೆ ಮುಗಿಯುತ್ತದೆ. ಲಗೋರಿಯಲ್ಲಿ ಬಿಲ್ಲೆಗಳ ಬುಡಕ್ಕೆ ಚೆಂಡು ಬಡಿದು ಕೆಡವಿದರೆ ಅದೇ ಒಳ್ಳೆಯ ಎಸೆತ, ಇಲ್ಲಿ ಬುಡಕ್ಕೆ ಬಡಿದದ್ದೇ ತಪ್ಪು. ಲಗೋರಿಯಲ್ಲಿ ಪಳಗಿದ ಕೈಗೆ ಈ ಅಭ್ಯಾಸವನ್ನು ಬಿಡಿಸುವುದೇ ಮೊದಲ ಪಾಠವಾದೀತು.

ಸಲಕರಣೆಗಳನ್ನು ನಾವೇ ಮಾಡಿಸಿಕೊಳ್ಳಬಹುದೇ?

ಖಂಡಿತ. ಗೊಂಬೆಯನ್ನೂ ಕೋಲುಗಳನ್ನೂ ಮರ ಕಡೆಯುವವರು ಒಂದು ದಿನದಲ್ಲಿ ಮಾಡಿಕೊಡಬಲ್ಲರು. ಚನ್ನಪಟ್ಟಣದ ಆಟಿಕೆಗಳಿಗೆ ಬಳಸುವ ಆಲೆ ಮರ ನುಣುಪಾದದ್ದು, ಆದರೆ ಮೆದು. ಕೋಲಿನ ಪೆಟ್ಟು ದಿನವೂ ತಿನ್ನುವ ಗೊಂಬೆಗೆ ಅದಕ್ಕಿಂತ ಗಟ್ಟಿ ಮರ ಬೇಕು. ಕಬ್ಬಿಣವನ್ನು ವೆಲ್ಡಿಂಗ್ ಅಂಗಡಿಯಲ್ಲಿ ಮಾಡಿಸುವಾಗ ತೋಳು ಕಂಬದ ಸುತ್ತ ಸಲೀಸಾಗಿ ತಿರುಗುವಂತೆ ನೋಡಿಕೊಳ್ಳಬೇಕು. ಅದನ್ನು ಬಿಗಿಯಾಗಿ ಬೆಸೆದುಬಿಟ್ಟರೆ ಕಬ್ಬಿಣಕ್ಕೆ ಬಡಿದ ಕೋಲು ಅಷ್ಟೇ ರಭಸದಿಂದ ಹಿಂದಕ್ಕೆ ಚಿಮ್ಮಬಹುದು. ಹಿಂದೆ ದಪ್ಪ ತಾಡಪಾಲು ಕಟ್ಟುವುದನ್ನು, ಎಸೆಯುವ ಗೆರೆಯ ಹಿಂದೆಯೇ ಮಕ್ಕಳನ್ನು ನಿಲ್ಲಿಸುವುದನ್ನು ಮರೆಯಬಾರದು.

ಆಕ್ಸ್‌ಫರ್ಡ್ ಕಡೆಗೆ ಹೋದವರು ಆಟ ನೋಡಬಹುದೇ? ಎಲ್ಲಿ ನಿಂತು ನೋಡಿದರೆ ಚೆನ್ನ?

ಓದಲೆಂದೋ ಕೆಲಸಕ್ಕೆಂದೋ ಅಲ್ಲಿಗೆ ಹೋಗಿರುವ ಕನ್ನಡಿಗರು ಬೇಸಿಗೆಯ ಸಂಜೆ ಯಾವುದಾದರೂ ಹಳ್ಳಿಯ ಪಬ್ಬಿನ ಹಿತ್ತಲಿಗೆ ಹೋಗಿ ಕೇಳಿದರೆ ಸಾಕು. ಪಂದ್ಯವಿಲ್ಲದ ದಿನ ಒಂದೆರಡು ಕೋಲು ಎಸೆದು ನೋಡಲು ಕೊಟ್ಟರೂ ಕೊಟ್ಟಾರು. ನೋಡುವಾಗ ಎಸೆಯುವವರ ನೇರ ಹಿಂದೆ ನಿಂತರೆ ಕೋಲು ಎಡಕ್ಕೆ ಹೋಯಿತೋ ಬಲಕ್ಕೋ ಎಂಬುದಷ್ಟೇ ತಿಳಿಯುತ್ತದೆ. ಗೆರೆಯ ಹಿಂದೆಯೇ, ಆದರೆ ಸಾಕಷ್ಟು ಪಕ್ಕಕ್ಕೆ ಸರಿದು ನಿಂತರೆ ಎತ್ತರವೂ ಕಾಣುತ್ತದೆ. ಒಂದೆರಡು ಆಟಗಾರರ ಸರದಿ ಮುಗಿಯುವವರೆಗೆ ಮಾತಾಡದೆ ಸದ್ದನ್ನು ಗಮನಿಸಿ. ಮೂರನೆಯವರು ಗೆರೆಗೆ ಬರುವಷ್ಟರಲ್ಲಿ, ಗೊಂಬೆ ಇಡುವವರು ಬಾಯಿ ತೆರೆಯುವ ಮುನ್ನವೇ ಆ ಕೋಲು ಕಬ್ಬಿಣವೋ ಅಲ್ಲವೋ ಎಂದು ನಿಮ್ಮ ಕಿವಿಗೆ ಗೊತ್ತಾಗತೊಡಗುತ್ತದೆ.